ಸೀಸದ ಲೆಕ್ಕ ಇಡೀ ಬಲ್ಬಿಗಲ್ಲ, ಬೆಸುಗೆಗೆ

ಪ್ರಶ್ನೆ: ಬೈಕಂಪಾಡಿಯಲ್ಲಿ 230 ವೋಲ್ಟ್‌ನ ಎಲ್‌ಇಡಿ ಬಲ್ಬ್ ತಯಾರಿಸುತ್ತೇವೆ. ಜರ್ಮನಿಯ ಖರೀದಿದಾರರು ಸಿಇ ಗುರುತಿನ (ಸರಕು ಯುರೋಪ್ ಒಕ್ಕೂಟದ ನಿಯಮಗಳಿಗೆ ತಕ್ಕಂತಿದೆ ಎನ್ನುವ ಗುರುತು) ದಾಖಲೆ ಕೇಳಿದ್ದಾರೆ. ಈಗ ಎಲ್ಲವೂ ಎಕ್ಸೆಲ್‌ನಲ್ಲಿದೆ. ಸಾಫ್ಟ್‌ವೇರ್ ಕೊಂಡರೆ ಕೆಲಸ ಹಗುರಾದೀತೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಕಾಗದಪತ್ರದ ಕೆಲಸ ಹಗುರಾಗುತ್ತದೆ. ಪರೀಕ್ಷೆ ಮಾತ್ರ ಲ್ಯಾಬಿನಲ್ಲೇ ಆಗಬೇಕು, ಬಲ್ಬ್ ನಿಯಮಗಳಿಗೆ ತಕ್ಕಂತಿದೆ ಎನ್ನುವ ಘೋಷಣಾಪತ್ರಕ್ಕೆ ಸಹಿ ನೀವೇ ಹಾಕಬೇಕು. ನಿಮ್ಮ ಬಲ್ಬಿಗೆ ಲೋ ವೋಲ್ಟೇಜ್ (ವಿದ್ಯುತ್ ಸುರಕ್ಷತೆ), ಇಎಂಸಿ (ವಿದ್ಯುತ್ಕಾಂತೀಯ ಅಡಚಣೆ), ಇಕೋಡಿಸೈನ್ (ವಿದ್ಯುತ್ ಉಳಿತಾಯ), ರೋಹ್ಸ್ (ಅಪಾಯಕಾರಿ ವಸ್ತುಗಳ ಮಿತಿ) ನಿಯಮಗಳು ಅನ್ವಯಿಸುತ್ತವೆ.

ಎಕ್ಸೆಲ್‌ನಲ್ಲಿ ಹೆಚ್ಚಿನವರು ಎಡವುವುದು ರೋಹ್ಸ್ ಲೆಕ್ಕದಲ್ಲಿ. ಸೀಸದ ಮಿತಿ 0.1 ಶೇಕಡಾ, ಕ್ಯಾಡ್ಮಿಯಂ 0.01. ಆದರೆ ಇದು ಇಡೀ ಬಲ್ಬಿನ ತೂಕದ ಮೇಲಲ್ಲ, ಬಿಡಿಬಿಡಿಯಾಗಿ ಒಂದೊಂದು ವಸ್ತುವಿನ ಮೇಲೆ. 63/37 ಎನ್ನುವ ತವರ-ಸೀಸದ ಬೆಸುಗೆಯಲ್ಲಿ 37 ಶೇಕಡಾ ಸೀಸ ಇರುತ್ತದೆ. ಒಟ್ಟು ತೂಕಕ್ಕೆ ಭಾಗಿಸಿದರೆ ಅದು ಕಾಣಿಸದೇ ಹೋಗಬಹುದು, ನಿಯಮದ ಪ್ರಕಾರ ಮಾತ್ರ ಬಲ್ಬ್ ಫೇಲ್. ಹಾಗಾಗಿ ಬೆಸುಗೆ, ತಂತಿಯ ಹೊದಿಕೆ, ಕ್ಯಾಪ್‌ನ ಲೇಪನ ಎಲ್ಲಕ್ಕೂ ಬೇರೆ ಬೇರೆ ಸಾಲು ಹಾಕಿ, ಪೂರೈಕೆದಾರರ ಘೋಷಣೆಯನ್ನು ಆಯಾ ಸಾಲಿಗೇ ಜೋಡಿಸಿ.

ಇನ್ನೊಂದು ತೊಂದರೆ ಖರೀದಿ ವಿಭಾಗದ್ದು. ಸ್ಟಾಕ್ ಇಲ್ಲವೆಂದು ಬೇರೆ ಕಂಪನಿಯ ಕೆಪಾಸಿಟರ್ ತರುತ್ತಾರೆ, ಲ್ಯಾಬ್ ವರದಿಯಲ್ಲಿ ಹಳೇ ನಂಬರೇ ಉಳಿದಿರುತ್ತದೆ. ಪಾರ್ಟ್ ನಂಬರ್ ಬದಲಾದರೆ ಒಪ್ಪಿಗೆ ಸಿಗುವವರೆಗೆ ಆ ಮಾಡೆಲ್ ತಡೆಹಿಡಿಯುವ ಸಾಫ್ಟ್‌ವೇರ್ ಆರಿಸಿ. ಈ ಒಂದು ಸೌಲಭ್ಯಕ್ಕಾಗಿಯೇ ದುಡ್ಡು ಕೊಡಬಹುದು.

ತಾಂತ್ರಿಕ ಕಡತವನ್ನು (ಲ್ಯಾಬ್ ವರದಿ, ಪೂರೈಕೆದಾರರ ಘೋಷಣೆಗಳಂಥ ದಾಖಲೆಗಳ ಕಟ್ಟು) ಬಲ್ಬ್ ಮಾರುಕಟ್ಟೆಗೆ ಹೋದ ಮೇಲೆ 10 ವರ್ಷ ಇಟ್ಟುಕೊಳ್ಳಬೇಕು. ಚಂದಾ ನಿಲ್ಲಿಸಿದರೆ ಎಲ್ಲ ಕಡತಗಳೂ ಪಿಡಿಎಫ್ ಆಗಿ ಕೈಗೆ ಸಿಗುತ್ತವೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಇರುವುದು ಎರಡು ಮೂರೇ ಮಾಡೆಲ್ ಎಂದಾದರೆ ಸದ್ಯಕ್ಕೆ ಎಕ್ಸೆಲ್ ಸಾಕು, ಸಾಲುಗಳನ್ನು ಸರಿಮಾಡಿಕೊಳ್ಳಿ.