ವಿದೇಶಿ ಆನ್‌ಲೈನ್ ಗೇಮ್‌ಗೆ ಲೋಕಲ್ ಪಬ್ಲಿಷರ್ ಯಾಕೆ ಬೇಕು? ಭಾಷೆ ಬದಲಿಸಿದರೆ ಸಾಲದೇ?

ನೀವು ಕೇಳಿರುವುದು ಎರಡು ವಿಷಯ. ಹೊರದೇಶದ ಆನ್‌ಲೈನ್ ಗೇಮ್ ಇನ್ನೊಂದು ದೇಶಕ್ಕೆ ಹೋಗುವಾಗ ನಡುವೆ ಅಲ್ಲಿಯ ಕಂಪನಿಯೊಂದು, ಅಂದರೆ ಪಬ್ಲಿಷರ್, ಯಾಕೆ, ಗೇಮ್ ಮಾಡಿದವರೇ ಭಾಷೆ ಬದಲಿಸಿ ಬಿಟ್ಟರೆ ಆಗಲ್ವಾ ಅನ್ನುವುದು ಮೊದಲನೆಯದು. ಇಂಥ ಪಬ್ಲಿಷಿಂಗ್ ಟೀಮ್ ಒಂದರ ಇಂಟರ್‌ವ್ಯೂಗೆ ಹೋಗುತ್ತಿದ್ದೀರಿ, ಅಲ್ಲಿ ಏನು ಕೇಳಬೇಕು ಅನ್ನುವುದು ಎರಡನೆಯದು. ನಾನು ಬೆಂಗಳೂರಿನಲ್ಲಿ ಗೇಮ್‌ಗಳ ಭಾಷೆ ಟೆಸ್ಟ್ ಮಾಡುವ ಕೆಲಸದಲ್ಲಿದ್ದೇನೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಎಷ್ಟೋ ದೇಶಗಳಲ್ಲಿ ನೇರವಾಗಿ ಬಿಡಬಹುದು. ಚೀನಾದಲ್ಲಿ ಆಗುವುದಿಲ್ಲ. ಹೊರಗಿನ ಕಂಪನಿ ಅಲ್ಲಿ ಆನ್‌ಲೈನ್ ಗೇಮ್ ನಡೆಸುವಂತಿಲ್ಲ. ಅಲ್ಲಿಯದೇ ಕಂಪನಿಗೆ ಹಕ್ಕು ಕೊಡಬೇಕು, ಆ ಕಂಪನಿ ಗೇಮ್‌ಗೆ ಸರ್ಕಾರದಿಂದ ಅನುಮತಿ ಸಂಖ್ಯೆ ತರಬೇಕು. 2018ರಲ್ಲಿ ಸುಮಾರು ಒಂಬತ್ತು ತಿಂಗಳು ಹೊಸ ಅನುಮತಿ ಕೊಡುವುದನ್ನೇ ನಿಲ್ಲಿಸಿದ್ದರು. ಆಗ ಗೇಮ್ ಸಿದ್ಧವಾಗಿದ್ದರೂ ಕಾದು ಕೂರಬೇಕಾಯಿತು.

ಆದರೆ ಅನುಮತಿ ಒಂದು ಭಾಗ ಮಾತ್ರ. ಆನ್‌ಲೈನ್ ಗೇಮ್ ಒಮ್ಮೆ ಮಾರಿ ಕೈ ತೊಳೆದುಕೊಳ್ಳುವ ಸರಕಲ್ಲ. ದಿನವೂ ನಡೆಸಬೇಕು. ಸರ್ವರ್ ಯಾರದು? ರೀಚಾರ್ಜ್ ದುಡ್ಡು ಎಲ್ಲಿ ಕಟ್ಟಬೇಕು? ಮೋಸ ಮಾಡುವವರನ್ನು ಹೊರಹಾಕುವವರು ಯಾರು? ಮಧ್ಯರಾತ್ರಿ ಅಕೌಂಟ್ ಹೋಯಿತು ಅಂತ ಬರುವ ದೂರಿಗೆ ಉತ್ತರಿಸುವವರು ಯಾರು? ಇದೆಲ್ಲ ಪಬ್ಲಿಷರ್ ಕೆಲಸ.

ಇದು ಎಷ್ಟು ದೊಡ್ಡ ವಿಷಯ ಅನ್ನುವುದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ನೋಡಿದರೆ ಗೊತ್ತಾಗುತ್ತದೆ. ಅಮೆರಿಕದ ಬ್ಲಿಝಾರ್ಡ್ ಕಂಪನಿಯ ಗೇಮ್ ಅದು. ಚೀನಾದಲ್ಲಿ 2005ರಲ್ಲಿ ಶುರು ಮಾಡಿದ್ದು ದಿ ನೈನ್ ಎಂಬ ಶಾಂಘೈ ಕಂಪನಿ. ಅಮೆರಿಕದಲ್ಲಿ ತಿಂಗಳ ಚಂದಾ ಕಟ್ಟಿ ಆಡುತ್ತಿದ್ದರು. ಚೀನಾದಲ್ಲಿ ಟೈಮ್ ಕಾರ್ಡ್ ತಂದರು: 30 ಯುವಾನ್ ಕೊಟ್ಟರೆ 4000 ನಿಮಿಷ. ಆಡಿದಷ್ಟಕ್ಕೆ ಮಾತ್ರ ದುಡ್ಡು. ಗೇಮನ್ನು ಒಂದು ದೇಶದ ಜನರಿಗೆ ಹೊಂದಿಸುವುದಕ್ಕೆ ಲೋಕಲೈಸೇಶನ್ ಅನ್ನುತ್ತಾರೆ. ಆ ಮಾತು ಬಂದಾಗ ನನಗೆ ಮೊದಲು ನೆನಪಾಗುವುದು ಈ ಕಾರ್ಡೇ. ಅಲ್ಲಿಯ ಜನ ಹೇಗೆ ಆಡುತ್ತಾರೆ, ಜೇಬಿನಲ್ಲಿ ಎಷ್ಟಿರುತ್ತದೆ ಅನ್ನುವುದನ್ನು ಕಂಡು ಮಾಡಿದ ಕೆಲಸ ಅದು. ಚಿತ್ರಗಳೂ ಬದಲಾದವು. 2007ರಲ್ಲಿ ಅಸ್ಥಿಪಂಜರದಂತಿದ್ದ ಪಾತ್ರಗಳ ಮೂಳೆಗೆ ಮಾಂಸ ಹೊದಿಸಿದರು, ಸತ್ತ ಪಾತ್ರಗಳ ಮೂಳೆಗಳ ಜಾಗದಲ್ಲಿ ಸಮಾಧಿ ಇಟ್ಟರು.

2009ರ ಜೂನ್‌ನಲ್ಲಿ ದಿ ನೈನ್ ಒಪ್ಪಂದ ಮುಗಿಯಿತು. ಹಕ್ಕು ಚೀನಾದ್ದೇ ಆದ ನೆಟ್‌ಈಸ್ ಕಂಪನಿಗೆ ಹೋಯಿತು. ಸರ್ವರ್‌ಗಳು ವಾರಗಟ್ಟಲೆ ಬಂದ್. ಮತ್ತೆ ಪೂರ್ತಿಯಾಗಿ ವ್ಯಾಪಾರ ಶುರುವಾಗಿದ್ದು ಸೆಪ್ಟೆಂಬರ್‌ನಲ್ಲಿ. ಅದರ ಬೆನ್ನಲ್ಲೇ ಈ ಗೇಮ್‌ಗೆ ಅನುಮತಿ ಕೊಡುವ ಅಧಿಕಾರ ಯಾರದು ಅಂತ ಎರಡು ಸರ್ಕಾರಿ ಇಲಾಖೆಗಳ ನಡುವೆ ಜಗಳ. ಬೇರೆ ಕಡೆ 2008ರ ನವೆಂಬರ್‌ನಲ್ಲಿ ಬಂದಿದ್ದ ಹೊಸ ಭಾಗ ಚೀನಾಕ್ಕೆ ಬಂದಿದ್ದು 2010ರ ಆಗಸ್ಟ್ ಕೊನೆಗೆ. ಬಹಳ ಜನ ಬೇಸತ್ತು ತೈವಾನ್ ಸರ್ವರ್‌ಗೆ ಹೋಗಿ ಹೊಸದಾಗಿ ಆಡಲು ಕೂತರು. ದಿ ನೈನ್ ಆದಾಯದಲ್ಲಿ ಶೇ 90ರ ಆಸುಪಾಸು ಈ ಒಂದೇ ಗೇಮ್‌ನಿಂದ ಬರುತ್ತಿತ್ತು. ಆ ಕಂಪನಿ ಮತ್ತೆ ಗೇಮ್ ಲೋಕದಲ್ಲಿ ಹಿಂದಿನ ಸ್ಥಾನಕ್ಕೆ ಬರಲೇ ಇಲ್ಲ.

ಮುಂದೆ ನೆಟ್‌ಈಸ್ ಕೈಯಿಂದಲೂ ಈ ಗೇಮ್ ಹೀಗೇ ಜಾರಿತು. 2022ರ ನವೆಂಬರ್‌ನಲ್ಲಿ ಬ್ಲಿಝಾರ್ಡ್ ಜೊತೆ ಮಾತುಕತೆ ಮುರಿಯಿತು, 2023ರ ಜನವರಿಯಲ್ಲಿ ಸರ್ವರ್ ಆಫ್. ಮುಚ್ಚಲು ಕೆಲವೇ ದಿನ ಇರುವಾಗ, ತಮ್ಮ ಪಾತ್ರದ ವಿವರವನ್ನು ಫೈಲ್ ಮಾಡಿ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ ಅಂತ ಆಟಗಾರರಿಗೆ ಹೇಳಿದರು. ಇದು ನನಗೆ ತೀರಾ ಬೇಸರ ತರಿಸಿದ ವಿಷಯ. ಹದಿನೈದು ವರ್ಷ ಒಂದೇ ಪಾತ್ರ ಬೆಳೆಸಿದವರಿದ್ದರು. ಗೆಳೆಯರ ಗುಂಪು, ಮದುವೆವರೆಗೂ ಹೋದ ಪರಿಚಯ, ಎಲ್ಲ ಅಲ್ಲೇ. ಎರಡು ಕಂಪನಿಗಳ ಷರತ್ತು ಹೊಂದದಿದ್ದಕ್ಕೆ ಅವರು ಹೊರಗೆ ನಿಂತರು. ಪಬ್ಲಿಷರ್ ಬಳಿ ಇರುವ ಗೇಮ್ ಭೋಗ್ಯಕ್ಕೆ ಹಾಕಿಕೊಂಡ ಮನೆಯ ಹಾಗೆ, ಅವಧಿ ಮುಗಿದರೆ ಬಿಡಲೇಬೇಕು. ಆದರೆ ಒಳಗೆ ವಾಸ ಇರುವವರು ಆಟಗಾರರು, ಅವರನ್ನು ಯಾರೂ ಕೇಳುವುದಿಲ್ಲ. ಮೈಕ್ರೋಸಾಫ್ಟ್ ಬ್ಲಿಝಾರ್ಡ್‌ನ ಒಡೆಯನಾದ ಮೇಲೆ 2024ರ ಏಪ್ರಿಲ್‌ನಲ್ಲಿ ನೆಟ್‌ಈಸ್ ಜೊತೆ ಮತ್ತೆ ರಾಜಿಯಾಯಿತು, ಆ ವರ್ಷವೇ ಗೇಮ್ ವಾಪಸ್ ಬಂತು. ಹಳೆಯ ಪಾತ್ರಗಳೂ ಉಳಿದಿದ್ದವು.

ನಮ್ಮಲ್ಲೂ ಇದರ ಒಂದು ರೂಪ ನೋಡಿದ್ದೇವೆ. ಪಬ್‌ಜಿ ಮೊಬೈಲ್‌ನ ಮೂಲ ಹಕ್ಕು ದಕ್ಷಿಣ ಕೊರಿಯಾದ ಕಂಪನಿಯದು, ಇಲ್ಲಿ ಪಬ್ಲಿಷ್ ಮಾಡುತ್ತಿದ್ದುದು ಚೀನಾದ ಟೆನ್ಸೆಂಟ್. 2020ರ ಸೆಪ್ಟೆಂಬರ್ 2ರಂದು ಸರ್ಕಾರ ನಿಷೇಧಿಸಿತು. ಕೊರಿಯಾದ ಕ್ರಾಫ್ಟನ್ ಹಕ್ಕನ್ನು ತಾನೇ ವಾಪಸ್ ಪಡೆದು, 2021ರ ಜುಲೈನಲ್ಲಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಲ್ಲಿ ಬಿಟ್ಟಿತು. ರಕ್ತದ ಬಣ್ಣ ಹಸಿರಾಯಿತು. 18 ವರ್ಷದೊಳಗಿನವರಿಗೆ ದಿನಕ್ಕೆ ಮೂರು ಗಂಟೆ, 7000 ರೂಪಾಯಿ ಮಿತಿ ಬಂತು. ಹಳೆಯ ಅಕೌಂಟ್ ವಿವರ ಹೊಸದಕ್ಕೆ ತರಲು ದಾರಿ ಕೊಟ್ಟರು. ಅದು ಒಳ್ಳೆಯ ಕೆಲಸ.

ಇನ್ನು ಭಾಷೆ. ಇದೂ ಸುಲಭ ಅಲ್ಲ. ಇಂಗ್ಲಿಷ್‌ಗೆ ಅಳತೆ ಮಾಡಿದ ಬಟನ್‌ನಲ್ಲಿ ಕನ್ನಡ ಹಾಕಿದರೆ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುತ್ತದೆ. ಆಟಗಾರರ ಹೆಸರು ಬಂದು ಕೂರುವ ಖಾಲಿ ಜಾಗ ಇನ್ನೂ ಕಷ್ಟ. ರವಿಗೆ, ಸುರೇಶನಿಗೆ, ಮಂಜುವಿಗೆ ಅಂತ ಒಂದೊಂದು ಹೆಸರಿಗೆ ಒಂದೊಂದು ಪ್ರತ್ಯಯ. ಸಾಫ್ಟ್‌ವೇರ್‌ಗೆ ಇದು ಗೊತ್ತಾಗಲ್ಲ. ಹಾಗಾಗಿ ಹೆಸರು ಒಂಟಿಯಾಗಿ ನಿಲ್ಲುವ ಹಾಗೆ ಸಾಲನ್ನೇ ತಿರುಗಿಸಿ ಬರೆಯಬೇಕು. ಅನುವಾದಕರ ಕೈಗೆ ಬರುವುದು ಎಕ್ಸೆಲ್ ಶೀಟ್‌ನಲ್ಲಿ ಬಿಡಿಬಿಡಿ ಸಾಲುಗಳು ಮಾತ್ರ. ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ಗೊತ್ತಿಲ್ಲದೆ 'ನೀನು' ಹಾಕಬೇಕಾ, 'ನೀವು' ಹಾಕಬೇಕಾ ಹೇಗೆ ತೀರ್ಮಾನಿಸುವುದು? ಗೇಮ್ ಆಡಿ ನೋಡಲು ಕೊಡದೆ ಅನುವಾದ ಮಾಡಿಸುವುದು ತಪ್ಪು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಇಂಟರ್‌ವ್ಯೂನಲ್ಲಿ ಮೂರು ವಿಷಯ ಕೇಳಿ. ಒಪ್ಪಂದ ಎಷ್ಟು ವರ್ಷದ್ದು, ಮುಗಿದಾಗ ಆಟಗಾರರ ಅಕೌಂಟ್ ಯಾರ ಬಳಿ ಉಳಿಯುತ್ತದೆ? ಕಂಪನಿ ಒಂದೇ ಗೇಮ್ ನಂಬಿಕೊಂಡಿದೆಯಾ? ಭಾಷೆಯ ಟೀಮ್ ಹೇಳಿದರೆ ಬಟನ್, ಫಾಂಟ್ ಬದಲಿಸಲು ಮೂಲ ಕಂಪನಿ ಒಪ್ಪುತ್ತದಾ? ಮೊದಲನೆಯದಕ್ಕೆ ಸರಿಯಾದ ಉತ್ತರ ಕೊಡಲು ಆಗದಿದ್ದರೆ ಬೇರೆ ಕಂಪನಿಗಳನ್ನೂ ನೋಡುತ್ತಿರಿ. ಮೂರನೆಯದಕ್ಕೆ ಹೌದು ಅಂದರೆ ಸಂಬಳ ಸ್ವಲ್ಪ ಕಡಿಮೆ ಇದ್ದರೂ ಸೇರಿಕೊಳ್ಳಿ, ಕಲಿಯಲು ಜಾಸ್ತಿ ಸಿಗುತ್ತದೆ.