ಉಬ್ಬಿದ ಡೇಟಾ.ಎಫ್‌ಎಸ್ ಕಡತವನ್ನು ಹಲವು ಕಡತಗಳಾಗಿ ಒಡೆಯುವುದು ಹೇಗೆ?

ಪ್ಲೋನ್ (ಜಾಲತಾಣ ನಡೆಸುವ ತಂತ್ರಾಂಶ) ತಾಣದ ಮಾಹಿತಿ ಕೂಡಿಡುವ ಡೇಟಾ.ಎಫ್‌ಎಸ್ ಕಡತ 40 ಜಿಬಿ ದಾಟಿದೆ, ಅದನ್ನು ನಾಲ್ಕೈದು ಕಡತಗಳಾಗಿ ಒಡೆಯಬಹುದೇ ಎಂದು ಕೇಳಿದ್ದೀರಿ. ಒಡೆಯಬಹುದು. ಆದರೆ ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಒಳಗೆ ತುಂಬಿಕೊಂಡಿರುವುದು ಏನು ಎಂದು ಮೊದಲು ನೋಡಿ.

ಪುಣೆಯಲ್ಲಿ ನಮ್ಮ ಕನ್ನಡ ಬಳಗದ ತಾಣವನ್ನು ನಾನು ನೋಡಿಕೊಳ್ಳುತ್ತೇನೆ. ಹಳೆಯ ಸ್ಮರಣ ಸಂಚಿಕೆಗಳ ಸ್ಕ್ಯಾನ್, ಗಣೇಶೋತ್ಸವ, ರಾಜ್ಯೋತ್ಸವದ ಫೋಟೊಗಳು ಎಲ್ಲವೂ ಅದರಲ್ಲಿವೆ. ಯಾವ ಕ್ಲಾಸ್ (ವಸ್ತುವಿನ ಬಗೆ) ಎಷ್ಟು ಬೈಟ್ ಹಿಡಿದಿದೆ ಎಂದು ತೋರಿಸುವ ಸ್ಕ್ರಿಪ್ಟ್, ಪ್ಲೋನ್ ಬಳಸುವ ಡೇಟಾಬೇಸ್ ಆದ ಝಡ್‌ಒಡಿಬಿ ಜೊತೆಗೇ ಬರುತ್ತದೆ. ಅದನ್ನು ಓಡಿಸಿದಾಗ ಬಹುಪಾಲು ಪಿಡೇಟಾ ಎಂದು ಗೊತ್ತಾಯಿತು. ಪ್ಲೋನ್‌ಗೆ ತಳಹದಿಯಾದ ಝೋಪ್‌ನ ಹಳೆಯ ಫೈಲ್ ಮತ್ತು ಇಮೇಜ್ ವಸ್ತುಗಳು ದೊಡ್ಡ ಕಡತವನ್ನು 64 ಕೆಬಿ ತುಂಡುಗಳಾಗಿ ಕತ್ತರಿಸಿ ಇಡುವುದು ಈ ಹೆಸರಿನಲ್ಲೇ. ಜಾಗ ತಿಂದದ್ದು ಲೇಖನಗಳಲ್ಲ, ಸ್ಕ್ಯಾನ್‌ಗಳು.

ನಿಮ್ಮಲ್ಲೂ ಹೀಗಿದ್ದರೆ ಮದ್ದು ಬ್ಲಾಬ್, ಅಂದರೆ ದೊಡ್ಡ ಕಡತಗಳನ್ನು ಡೇಟಾ.ಎಫ್‌ಎಸ್ ಹೊರಗೆ ಬೇರೆ ಡೈರೆಕ್ಟರಿಯಲ್ಲಿ ಇಡುವುದು. ಪ್ಲೋನ್ 4, ಅಂದರೆ 2010ರಿಂದ ಹೊಸ ಕಡತಗಳು ಬ್ಲಾಬ್ ಡೈರೆಕ್ಟರಿಗೇ ಹೋಗುತ್ತವೆ. ಹಳೆಯವನ್ನು ನೀವೇ ಸ್ಥಳಾಂತರಿಸಬೇಕು. ಸ್ಥಳಾಂತರಿಸಿದ ಕೂಡಲೇ ಗಾತ್ರ ಇಳಿಯುವುದಿಲ್ಲ, ಏಕೆಂದರೆ ಡೇಟಾ.ಎಫ್‌ಎಸ್‌ನಲ್ಲಿ ಪ್ರತಿ ಬದಲಾವಣೆಯೂ ಕೊನೆಗೆ ಸೇರುತ್ತದೆ, ಹಳೆಯದು ಹಾಗೆಯೇ ಉಳಿಯುತ್ತದೆ. ಅದನ್ನು ತೆಗೆಯುವುದು ಪ್ಯಾಕ್. ಪ್ಯಾಕ್ ಹೊಸ ಕಡತವನ್ನೇ ಬರೆದು ಹಳೆಯದನ್ನು ಡೇಟಾ.ಎಫ್‌ಎಸ್.ಓಲ್ಡ್ ಎಂದು ಉಳಿಸುತ್ತದೆ; ಡಿಸ್ಕ್‌ನಲ್ಲಿ ಇನ್ನೊಂದು ಪ್ರತಿಗೆ ಜಾಗ ಇದೆಯೇ ನೋಡಿಕೊಂಡೇ ಶುರು ಮಾಡಿ.

ಇಷ್ಟಾದ ಮೇಲೂ ಒಡೆಯಲೇಬೇಕೆನಿಸಿದರೆ ಸಂರಚನಾ ಕಡತವಾದ ಝೋಪ್.ಕಾನ್ಫ್‌ನಲ್ಲಿ ಇನ್ನೊಂದು ಝಡ್‌ಒಡಿಬಿ_ಡಿಬಿ ವಿಭಾಗ ಬರೆದು, ಅದಕ್ಕೆ ಬೇರೆ ಕಡತವನ್ನೂ ಮೌಂಟ್ ಪಾಯಿಂಟನ್ನೂ (ತಾಣದಲ್ಲಿ ಅದು ಕೂರುವ ಜಾಗ) ಕೊಡಿ. ಇಲ್ಲಿ ವಿಭಜನೆ ಫೋಲ್ಡರ್ ಪ್ರಕಾರ ನಡೆಯುತ್ತದೆ, ವಸ್ತುವಿನ ಬಗೆಯ ಪ್ರಕಾರ ಅಲ್ಲ. ಅಪರೂಪಕ್ಕೆ ಬದಲಾಗುವ ಹಳೆಯ ಸಂಗ್ರಹ ಒಂದು ಕಡತಕ್ಕೆ, ದಿನವೂ ಬದಲಾಗುವ ಕ್ಯಾಟಲಾಗ್ (ಹುಡುಕಾಟದ ಸೂಚಿ) ಮತ್ತೊಂದಕ್ಕೆ: ನನ್ನ ಮಟ್ಟಿಗೆ ಇವೆರಡೇ ಸಮರ್ಥನೀಯ ಕಾರಣಗಳು. ಪ್ರತಿ ಡೇಟಾಬೇಸ್‌ಗೂ ತನ್ನದೇ ಕ್ಯಾಶ್ (ಮೆಮೊರಿಯಲ್ಲಿ ಇಟ್ಟುಕೊಳ್ಳುವ ಭಾಗ) ಗಾತ್ರ ಇಡಬಹುದಾದ್ದರಿಂದ ಕ್ಯಾಟಲಾಗ್‌ಗೆ ಇದು ನಿಜಕ್ಕೂ ಉಪಯುಕ್ತ.

ಒಂದು ಅಪಾಯವನ್ನು ಮಾತ್ರ ಒತ್ತಿ ಹೇಳುತ್ತೇನೆ. ಒಂದು ಕಡತದ ವಸ್ತು ಇನ್ನೊಂದು ಕಡತದ ವಸ್ತುವನ್ನು ನೇರವಾಗಿ ಉಲ್ಲೇಖಿಸಲು ಝಡ್‌ಒಡಿಬಿ ಬಿಡುತ್ತದೆ. ಆದರೆ ಪ್ಯಾಕ್ ಮಾಡುವಾಗ ಕಸ ಗುಡಿಸುವ ಕೆಲಸ ತನ್ನ ಕಡತದಾಚೆಗೆ ನೋಡುವುದಿಲ್ಲ. ಹೊರಗಿನಿಂದ ಮಾತ್ರ ಉಲ್ಲೇಖವಿರುವ ವಸ್ತು ಅದಕ್ಕೆ ಅನಾಥವಾಗಿ ಕಾಣುತ್ತದೆ, ಅಳಿದುಹೋಗುತ್ತದೆ. ಆಮೇಲೆ ಆ ಪುಟ ತೆರೆದಾಗ ಪೋಸ್‌ಕೀ ದೋಷ (ವಸ್ತು ಸಿಗಲಿಲ್ಲ ಎಂಬ ದೂರು) ಕಾಣಿಸಿಕೊಳ್ಳುತ್ತದೆ, ಅಷ್ಟು ಹೊತ್ತಿಗೆ ಹಳೆಯ ಬ್ಯಾಕಪ್ ಕೂಡ ಕೈತಪ್ಪಿರಬಹುದು. ಇಂಥ ಉಲ್ಲೇಖಗಳಿದ್ದರೆ ಸಂರಚನೆಯಲ್ಲಿ ಕಸ ಗುಡಿಸುವ ಪ್ಯಾಕ್-ಜಿಸಿ ಆಯ್ಕೆಯನ್ನು ಫಾಲ್ಸ್ ಮಾಡಿ, ಎಲ್ಲ ಡೇಟಾಬೇಸ್‌ಗಳನ್ನೂ ಒಟ್ಟಿಗೆ ನೋಡುವ ಝಡ್‌ಸಿ.ಝಡ್‌ಒಡಿಬಿಡಿಜಿಸಿ ಎಂಬ ಸಾಧನ ಬಳಸಿ.

ಬ್ಯಾಕಪ್ ಮಾಡುವಾಗ ಮೊದಲು ರೆಪೋಝೋ ಎಂಬ ಬ್ಯಾಕಪ್ ಸಾಧನದ ಮೂಲಕ ಡೇಟಾ.ಎಫ್‌ಎಸ್, ನಂತರ ಬ್ಲಾಬ್ ಡೈರೆಕ್ಟರಿ. ಈ ಎರಡರ ನಡುವೆ ಪ್ಯಾಕ್ ನಡೆಯಕೂಡದು. ಪ್ಯಾಕ್ ನಂತರದ ಗಾತ್ರವನ್ನು ಇಲ್ಲಿ ಬರೆಯಿರಿ, ಕ್ಯಾಟಲಾಗನ್ನು ಬೇರ್ಪಡಿಸಬೇಕೇ ಎಂದು ಆಗ ನೋಡೋಣ.