112ನೇ ಪುಟದ ಅಜ್ಜ

ಪ್ರಿಯ ಮಿತ್ರರೇ,

ಕಾಸರಗೋಡಿನ ಪೆರ್ಲದಿಂದ ನೀವು ಕಳಿಸಿದ ಕಾದಂಬರಿಯನ್ನು ಪೂರ್ತಿ ಓದಿದೆ. ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀವು ನಿರಾಳವಾಗಿ ಓದಬಹುದು ಅಂತ ನನ್ನ ಲೆಕ್ಕ.

ಇಸವಿ 3024. ಕ್ಯಾಪ್ಟನ್ ಜಾನ್ ಚಿಕಾಗೋದಿಂದ ನೀರಿಲ್ಲದ ಗ್ರಹವೊಂದಕ್ಕೆ ಹೊರಡುತ್ತಾನೆ. ನೌಕೆಯ ಎಂಜಿನ್ ಹೇಗೆ ಓಡುತ್ತದೆ ಎಂದು ಒಂಬತ್ತು ಪುಟ ಬರೆದಿದ್ದೀರಿ. ಜಾನ್‌ಗೆ ಹಸಿವಾಗುತ್ತದಾ, ಮನೆಯಲ್ಲಿ ಯಾರಿದ್ದಾರೆ, ಒಂದೂ ಗೊತ್ತಾಗುವುದಿಲ್ಲ. ಬಾಯಿ ತೆರೆದರೆ ಡಬ್ಬಿಂಗ್ ಸಿನಿಮಾದ ಕನ್ನಡ.

ಆದರೆ 112ನೇ ಪುಟದಲ್ಲಿ ಅವನಿಗೆ ಇದ್ದಕ್ಕಿದ್ದಂತೆ ಅಜ್ಜನ ನೆನಪಾಗುತ್ತದೆ. ನೀರಿಗಾಗಿ ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಸುರಂಗ ಕೊರೆಯುವ ಅಜ್ಜ. ಕುಕ್ಕರಗಾಲಲ್ಲಿ ಕೂತು ಪಿಕ್ಕಾಸಿನಿಂದ ಕೆತ್ತುತ್ತಾರೆ. ಪಕ್ಕದಲ್ಲಿ ಒಂದು ಮೇಣದ ಬತ್ತಿ. ಬತ್ತಿ ಮಂಕಾದರೆ ಗಾಳಿ ಕಮ್ಮಿಯಾಯಿತು ಎಂದರ್ಥ, ಕೂಡಲೇ ಹೊರಗೆ ಬರಬೇಕು. ಅವತ್ತು ಬತ್ತಿ ಆರಿಯೇ ಹೋಗುತ್ತದೆ. ಅಜ್ಜ ಹೊರಗೆ ಬರುವುದಿಲ್ಲ. ಕಲ್ಲಿಗೆ ಕಿವಿಯಿಟ್ಟು ಕತ್ತಲಲ್ಲೇ ಕೂತಿರುತ್ತಾರೆ.

ಚಿಕಾಗೋದ ಜಾನ್‌ಗೆ ಈ ಅಜ್ಜ ಎಲ್ಲಿಂದ ಬಂದರು? ನಿಮ್ಮವರನ್ನೇ ಬರೆದುಬಿಟ್ಟಿದ್ದೀರಿ, ಅಲ್ವಾ? ಆ ಪುಟವನ್ನು ಎರಡು ಸಲ ಓದಿದೆ. ಮಿಕ್ಕ ಮುನ್ನೂರು ಪುಟ ಕಷ್ಟಪಟ್ಟು ಓದಿದೆ.

ಸಹಕಾರಿ ಬ್ಯಾಂಕಿನ ಕೆಲಸ ಬಿಟ್ಟು ಪೂರ್ತಿ ಬರವಣಿಗೆಗೆ ಇಳಿಯಲಾ ಎಂದೂ ಕೇಳಿದ್ದೀರಿ. ಬೇಡ ಮಾರಾಯರೇ. ಅಮೆರಿಕದ ವಿಜ್ಞಾನ ಕಥೆಗಾರ್ತಿ ಆಕ್ಟೇವಿಯಾ ಬಟ್ಲರ್ ಪಾತ್ರೆ ತೊಳೆದರು, ಚಿಪ್ಸ್ ಕಾರ್ಖಾನೆಯಲ್ಲಿ ಚಿಪ್ಸ್ ಆರಿಸುವ ಕೆಲಸ ಮಾಡಿದರು, ನಡುರಾತ್ರಿ ಎರಡಕ್ಕೆ ಎದ್ದು ಬರೆದರು. ಮೊದಲ ಕಾದಂಬರಿ ಬಂದದ್ದು 1976ರಲ್ಲಿ. ಅಲ್ಲಿನ ದೊಡ್ಡ ಗೌರವವಾದ ಮೆಕಾರ್ಥರ್ ಫೆಲೋಶಿಪ್ ಸಿಕ್ಕಿದ್ದು 1995ರಲ್ಲಿ, ವಿಜ್ಞಾನ ಕಥೆ ಬರೆಯುವವರಲ್ಲಿ ಅವರಿಗೇ ಮೊದಲು. ಅಲ್ಲಿಯದೇ ಇನ್ನೊಬ್ಬ ವಿಜ್ಞಾನ ಕಥೆಗಾರ ಜೀನ್ ವುಲ್ಫ್ ಎಂಜಿನಿಯರ್, ಪ್ರಿಂಗಲ್ಸ್ ಎಂಬ ಚಿಪ್ಸ್ ಬೇಯಿಸುವ ಯಂತ್ರದ ಕೆಲಸದಲ್ಲಿ ಅವರ ಕೈಯೂ ಇತ್ತು. ಹೆಸರು ತಂದುಕೊಟ್ಟ ಕಾದಂಬರಿಯ ನಾಲ್ಕೂ ಭಾಗ ಬಂದ ಮೇಲೆ, 1984ರಲ್ಲಷ್ಟೇ ಅವರು ನೌಕರಿ ಬಿಟ್ಟದ್ದು. (ಈ ಜಾತಿಯ ಸಾಹಿತ್ಯಕ್ಕೂ ಚಿಪ್ಸ್‌ಗೂ ಏನೋ ನಂಟಿದೆ. ನಮ್ಮಲ್ಲಂತೂ ಬಾಳೆಕಾಯಿ ಚಿಪ್ಸ್‌ಗೆ ಬರವಿಲ್ಲ.)

ಬಟ್ಲರ್ ಅವರ 'ಕಿಂಡ್ರೆಡ್' ಸಿಕ್ಕಿದರೆ ಓದಿ. 1976ರ ಕಪ್ಪು ಹೆಂಗಸೊಬ್ಬಳು ಗುಲಾಮಗಿರಿಯ ಕಾಲದ ಮೇರಿಲ್ಯಾಂಡಿಗೆ ಹೋಗಿ ಬೀಳುತ್ತಾಳೆ. ಹೇಗೆ ಹೋದಳು? ಕೊನೆಯವರೆಗೂ ಹೇಳುವುದಿಲ್ಲ. ಕಾಲಯಂತ್ರವೇ ಇಲ್ಲ. ಅಲ್ಲಿ ಚಾಟಿಯೇಟು ಬಿದ್ದಾಗ ಬೆನ್ನು ಹೇಗೆ ಉರಿಯುತ್ತದೆ ಎಂಬುದು ಮಾತ್ರ ಇದೆ. ಬಟ್ಲರ್ ಅವರ ತಾಯಿ ಮನೆಗೆಲಸದವರು, ಬಿಳಿಯರ ಮನೆಗೆ ಹಿಂಬಾಗಿಲಿನಿಂದ ಹೋಗುತ್ತಿದ್ದವರು. ಮಗಳು ಅದನ್ನು ನೋಡಿಕೊಂಡೇ ಬೆಳೆದಳು. ಆ ಪುಸ್ತಕದ ಬೇರು ಇರುವುದು ಆ ಹಿಂಬಾಗಿಲಲ್ಲಿ.

ನಿಮಗೆ ಸುರಂಗ ಇದೆ. ಬೋರ್‌ವೆಲ್ ಬಂದ ಮೇಲೆ ಕೊರೆಯುವವರು ಅಪರೂಪ. ಬೋರ್‌ವೆಲ್ಲೂ ಬತ್ತಿದ ಒಂದು ಕಾಲದಲ್ಲಿ ಯಾರೋ ಮುಚ್ಚಿಹೋದ ಸುರಂಗದ ಬಾಯಿ ತೆರೆದರೆ? ಇನ್ನು ಬೇರೆ ಗ್ರಹದವರ ಜೊತೆ ಮಾತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡು ಮಲಯಾಳದಲ್ಲಿ. ಅಂಥ ಮಾತುಕತೆ ಹೇಗಿರುತ್ತದೆ ಅಂತ ಕಾಸರಗೋಡಿನವರಿಗೆ ಯಾರಾದರೂ ಹೇಳಿಕೊಡಬೇಕಾ? ನಿಮ್ಮ ಗ್ರಹದಲ್ಲಿ ಮಾತ್ರ ಎಲ್ಲರೂ ಪಠ್ಯಪುಸ್ತಕದ ಕನ್ನಡ ಮಾತಾಡುತ್ತಾರೆ!

ಜಾನ್‌ನನ್ನು ಸದ್ಯ ಚಿಕಾಗೋಗೆ ಕಳಿಸಿಬಿಡಿ. ಅಜ್ಜನದ್ದೇ ಒಂದು ಕತೆ ಬರೆಯಿರಿ, ಹತ್ತು ಪುಟ ಸಾಕು. ನೇರ ನನ್ನ ಹೆಸರಿಗೇ ಕಳಿಸಿ.

ಅಂದಹಾಗೆ, ಅವತ್ತು ಅಜ್ಜನಿಗೆ ನೀರು ಸಿಕ್ಕಿತಾ? 113ನೇ ಪುಟದಲ್ಲಿ ಜಾನ್ ಮತ್ತೆ ಎಂಜಿನ್ ರಿಪೇರಿಗೆ ಹೋಗಿಬಿಟ್ಟ.

ಇಂತಿ,
ಸಂಪಾದಕ